ಗಾಜಿನ ಮೇಲೆ ಎರಡು ಸಲ

"ಮುಟ್ಬೇಡಿ!"

ಹಿಮ ಕಟ್ಟಿದ್ದ ಪೈಪಿಗೂ ಅವಳ ಕೈಗೂ ಬೆರಳಗಲದ ಅಂತರವಿತ್ತು. ಅಷ್ಟರಲ್ಲಿ ಅವನು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದ.

"ಮೈನಸ್ ನೂರ ತೊಂಬತ್ತಾರು ಡಿಗ್ರಿ ಇದೆ. ಮುಟ್ಟಿದ್ರೆ ಚರ್ಮ ಪೈಪಲ್ಲೇ ಉಳ್ಕೊಳುತ್ತೆ."

ಅವಳ ಕೈಗಿಂತ ಅವನ ಕೈಯೇ ಹೆಚ್ಚು ನಡುಗುತ್ತಿತ್ತು. ಅವರ ಮೊದಲ ಭೇಟಿ ಹೀಗಾಯಿತು.

ಅವನು ಆ ಕಂಪ್ಯೂಟರ್ ಕೇಂದ್ರದ ಕೂಲಿಂಗ್ ಮೆಕ್ಯಾನಿಕ್. ಕೆಂಡದಂತೆ ಕಾಯುವ ಯಂತ್ರಗಳನ್ನು ದ್ರವ ಸಾರಜನಕ ಹರಿಸಿ ತಣ್ಣಗಿಡುವುದು ಅವನ ಕೆಲಸ. ಆ ತಂಪಿನ ಮೇಲೆ, ಪೈಪುಗಳ ಕೋಣೆಯ ಗಾಳಿಯ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಹೊಂದಿಸಲು ಬಂದವಳು ಅವಳು. ಯಾವ ಸೆನ್ಸರ್ ಎಷ್ಟು ತೋರಿಸಿದರೆ ಹಸಿರು, ಎಷ್ಟಕ್ಕೆ ಕೆಂಪು, ಯಾವಾಗ ಅಲಾರಂ... ಎಲ್ಲವೂ ಅವಳ ಕೈಯಲ್ಲಿತ್ತು.

"ಚಳಿಗಿಂತ ಸೋರಿಕೆಗೆ ಹೆದರ್ಬೇಕು," ಎಂದು ಅವನು ಅಂದೇ ಹೇಳಿಕೊಟ್ಟಿದ್ದ. "ಸಾರಜನಕ ಸೋರಿದ್ರೆ ಆಮ್ಲಜನಕನ ಹೊರಗೆ ತಳ್ಳಿಬಿಡುತ್ತೆ. ವಾಸನೆ ಇಲ್ಲ, ಸದ್ದಿಲ್ಲ, ಗೊತ್ತಾಗೋ ಮೊದ್ಲೇ ಪ್ರಜ್ಞೆ ಹೋಗುತ್ತೆ. ನಾನು ಒಳಗೆ ಬಿದ್ದಿದ್ದು ಕಂಡ್ರೆ ಓಡಿ ಬರ್ಬೇಡಿ. ಮೊದಲು ಫ್ಯಾನು, ಆಮೇಲೆ ಮಾಸ್ಕು, ಆಮೇಲೆ ನಾನು."

ಅವನದೇ ಇನ್ನೊಂದು ನಿಯಮವೂ ಇತ್ತು. ಪೈಪುಗಳ ಕೋಣೆಯ ಒಳಗಿರುವವರು ಎರಡು ನಿಮಿಷಕ್ಕೊಮ್ಮೆ ಅದರ ಗಾಜಿನ ಗೋಡೆಯನ್ನು ಎರಡು ಸಲ ತಟ್ಟಬೇಕು. ಹೊರಗಿರುವವರು ತಿರುಗಿ ತಟ್ಟಬೇಕು. ಉತ್ತರ ಬರದಿದ್ದರೆ ಕೆಲಸ ಬಿಟ್ಟು ಹೊರಬರಬೇಕು. ಅದಕ್ಕೇ ಎಲ್ಲರೂ ಅವನಿಗೆ 'ಟಕ್‌ಟಕ್' ಎಂದು ಹೆಸರಿಟ್ಟಿದ್ದರು.

ಮೂರು ವಾರ ಅವಳು ತಪ್ಪದೆ ತಟ್ಟಿದಳು. ತಪ್ಪದೆ ಮನೆಗೆ ಹೋಗಿ ತಂಗಿಯ ಮುಂದೆ ಅವನನ್ನು ಬೈದಳು.

"ಅಕ್ಕಾ, ಆಫೀಸಲ್ಲಿ ಅಷ್ಟು ಜನ ಇದ್ದಾರೆ. ಬೈಯೋಕೆ ಅವನೊಬ್ನೇ ಸಿಗ್ತಾನಲ್ಲ ನಿನಗೆ," ಎಂದು ತಂಗಿ ಕಾಲೆಳೆದಾಗ ಅವಳ ಕಿವಿ ಬಿಸಿಯಾಗಿತ್ತು.

ಆ ಬುಧವಾರ ಮಧ್ಯಾಹ್ನ ಅವನು ಮೇಲ್ವಿಚಾರಕರಿಗೆ ಹೇಳುತ್ತಿದ್ದ ಮಾತು ಅವಳ ಕಿವಿಗೆ ಬಿತ್ತು.

"ಸ್ಕ್ರೀನ್ ಹಸಿರಾಗಿದ್ರೆ ಸಾಲದು ಸರ್. ಅವರು ಗಾಜಿನ ಹತ್ರ ಇರ್ಲೇಬೇಕು."

'ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಮಾಡಿದ ಕೆಲಸ ಇದು. ಇಷ್ಟೂ ನಂಬಿಕೆ ಇಲ್ವಾ? ನಾನೇನು ಇವನ ಕಾವಲಿಗೆ ಬಂದಿದ್ದೀನಾ?'

ಅವನು ಒಳಗೆ ಹೋದ.

ಟಕ್ ಟಕ್.

ಅವಳು ಕುರ್ಚಿಯಿಂದ ಏಳಲಿಲ್ಲ. ಎರಡು ನಿಮಿಷ ಕಳೆಯಿತು.

ಟಕ್ ಟಕ್.

ಅವಳು ಮುಖ ತಿರುಗಿಸಿಕೊಂಡಳು.

ಮೂರನೆಯದು ಬರಲೇ ಇಲ್ಲ.

'ಕೋಪ ಬಂದಿರಬೇಕು, ಬರಲಿ...' ಎಂದುಕೊಂಡು ಸ್ಕ್ರೀನ್ ನೋಡಿದಳು. ಎಲ್ಲ ಹಸಿರು. ಕೋಣೆಯ ಗಾಳಿಯಲ್ಲಿ ಆಮ್ಲಜನಕ ಶೇಕಡ 20.9, ಎಂದಿನಷ್ಟೇ.

ಇನ್ನೂ 20.9.

ಆ ಸಂಖ್ಯೆ ಯಾವತ್ತೂ ಹೀಗೆ ಸುಮ್ಮನೆ ಕೂತಿದ್ದಿಲ್ಲ, ಸದಾ ತುಸು ಏರುತ್ತ ಇಳಿಯುತ್ತ ಇರುತ್ತಿತ್ತು. ಆಗ ಅವಳಿಗೆ ನೆನಪಾಯಿತು. ಬೆಳಿಗ್ಗೆ ಬೇರೆ ಅಲಾರಂಗಳನ್ನು ಪರೀಕ್ಷಿಸುವಾಗ, ಆಮ್ಲಜನಕದ್ದು ನಡುವೆ ಕೂಗದಿರಲೆಂದು, ಸೆನ್ಸರಿನ ಜಾಗದಲ್ಲಿ ಅವಳೇ ಒಂದು ಸುಳ್ಳು ಸಂಖ್ಯೆ ಕೂರಿಸಿದ್ದಳು. ಊಟವಾದ ಮೇಲೆ ತೆಗೆಯಬೇಕಿತ್ತು. ಸಿಟ್ಟಿನಲ್ಲಿ ಮರೆತಿದ್ದಳು.

ತೆಗೆದಳು. ಸ್ಕ್ರೀನ್ ಕೆಂಪಾಗಿ 10.4 ಎಂದಿತು, ಅಲಾರಂ ಕೂಗತೊಡಗಿತು.

ಗಾಜಿನಾಚೆಯ ಬಿಳಿ ಮಂಜಿನಲ್ಲಿ ಅವನ ಬೂಟುಗಳಷ್ಟೇ ಕಂಡವು. ಅವು ನೆಲದ ಮೇಲೆ ಅಡ್ಡಬಿದ್ದಿದ್ದವು.

ಓಡಿದಳು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವಳಿಗೆ ಅವನ ದನಿ ನೆನಪಾಯಿತು. ಮೊದಲು ಫ್ಯಾನು. ಗೋಡೆಯ ಸ್ವಿಚ್ಚನ್ನು ಅದುಮಿದಳು. ಆಮೇಲೆ ಮಾಸ್ಕು. ಬಾಗಿಲ ಪಕ್ಕದ ಗಾಳಿ ಸಿಲಿಂಡರಿನ ಮಾಸ್ಕನ್ನು ಮುಖಕ್ಕೆ ಎಳೆದುಕೊಂಡಳು, ಪಟ್ಟಿ ಸಿಕ್ಕುತ್ತಿಲ್ಲ... 'ದೇವರೇ, ಇನ್ನೊಂದು ಸಲ ತಟ್ಟಲಿ. ಸಾವಿರ ಸಲ ಉತ್ತರ ಕೊಡ್ತೀನಿ.'

ಕೊನೆಗೆ ಪಟ್ಟಿ ಬಿಗಿಯಿತು. ಒಳಗೆ ನುಗ್ಗಿ ಅವನ ಕಂಕುಳಿಗೆ ಕೈಹಾಕಿ ಎಳೆದಳು. ಅಲಾರಂ ಕೇಳಿ ಓಡಿಬಂದ ಮೇಲ್ವಿಚಾರಕರು ಹೊಸ್ತಿಲಲ್ಲಿ ಕೈಜೋಡಿಸಿದರು.

ಸಂಜೆ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾಯಿತು. ಅಷ್ಟರಲ್ಲಿ ಅವಳು ತನ್ನ ತಪ್ಪನ್ನೆಲ್ಲ ಬರೆದು ಮೇಲಿನವರಿಗೆ ಕಳುಹಿಸಿದ್ದಳು. ಅವನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ವಾರ್ಡಿನ ಗಾಜಿನ ಬಾಗಿಲ ಹೊರಗೇ ನಿಂತಿದ್ದಳು.

ಅವನು ಮಂಚದ ಕಂಬಿಯನ್ನು ಎರಡು ಸಲ ತಟ್ಟಿದ.

ಅವಳಿಗೆ ಅಳು ತಡೆಯಲಾಗಲಿಲ್ಲ. ಗಾಜಿನ ಮೇಲೆ ತಿರುಗಿ ತಟ್ಟಿ ಒಳಗೆ ಬಂದಳು.

"ಆ ಸುಳ್ಳು ಸಂಖ್ಯೆ ನಾನೇ ಇಟ್ಟಿದ್ದು. ತೆಗೆಯೋಕೆ ಮರೆತೆ. ನೀವು ತಟ್ಟಿದ್ದೂ ಕೇಳಿಸ್ತು... ಬೇಕಂತಲೇ ಏಳ್ಲಿಲ್ಲ. ನಿಮಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅನ್ನಿಸ್ತು."

ಅವನು ಮೂಗಿನ ಆಮ್ಲಜನಕದ ನಳಿಕೆ ಸರಿಸಿಕೊಂಡು ಅವಳತ್ತ ತಿರುಗಿದ.

"ಹನ್ನೆರಡು ವರ್ಷದಿಂದ ಆ ಕೋಣೆಗೆ ಹೋಗ್ತಿದ್ದೀನಿ. ಪ್ರತಿ ಸಲ ಭಯ ಆಗುತ್ತೆ, ಯಾರಿಗೂ ಹೇಳಿಲ್ಲ. ಈ ಮೂರು ವಾರ ನೀವು ತಿರುಗಿ ತಟ್ಟಿದಾಗ ಮಾತ್ರ ಕಡಿಮೆ ಆಗ್ತಿತ್ತು. ಅದಕ್ಕೇ ನೀವು ಗಾಜಿನ ಹತ್ರ ಇರ್ಬೇಕು ಅಂದೆ."

"ಉತ್ತರ ಬರದಿದ್ರೆ ಹೊರಗೆ ಬರ್ಬೇಕು ಅನ್ನೋದು ನಿಮ್ಮದೇ ನಿಯಮ ಅಲ್ವಾ? ಯಾಕೆ ಬರ್ಲಿಲ್ಲ?"

"ಇನ್ನೊಂದು ಸಲ ತಟ್ಟಿದ್ರೆ ಉತ್ತರ ಕೊಡ್ತೀರೇನೋ ಅಂತ ಕಾದೆ."

ಅವಳು ಅವನ ಕೈ ಹಿಡಿದುಕೊಂಡಳು. ಈಗ ಯಾರ ಕೈ ಹೆಚ್ಚು ನಡುಗುತ್ತಿದೆಯೆಂದು ಇಬ್ಬರಿಗೂ ತಿಳಿಯಲಿಲ್ಲ.

"ನೀವಂದ್ರೆ ನನಗೆ ಇಷ್ಟ," ಎಂದಳು. "ಮಂಜಲ್ಲಿ ಬರೀ ಬೂಟು ಕಂಡಾಗ ಗೊತ್ತಾಯ್ತು. ಇನ್ನೂ ಭಯ ಹೋಗಿಲ್ಲ."

"ನನಗೂ ಹೋಗಿಲ್ಲ. ಕೈ ಬಿಡ್ಬೇಡಿ."

ಅವಳು ಬಿಡಲಿಲ್ಲ. ಎರಡು ನಿಮಿಷವಾದ ಮೇಲೆ ಅವನ ಅಂಗೈಯನ್ನು ಮೆಲ್ಲಗೆ ಎರಡು ಸಲ ತಟ್ಟಿದಳು. ಅವನು ತಿರುಗಿ ತಟ್ಟಿದ.