ಮೂರನೇ ಕಾಫಿಯ ನೊರೆ

ಲುವಾಮ್ ಮೊದಲ ಸಲ ಕಿರಿಲ್‌ನನ್ನು ಬೈದದ್ದು ಒಂದು ಮೈಕಿನ ಕಾರಣಕ್ಕೆ.

ಥಾಮಸ್‌ಟೌನಿನ ಸಮುದಾಯ ಭವನ ಆ ಶನಿವಾರ ತುಂಬಿತ್ತು. ಬಲಗಡೆ ಮ್ಯಾಸಿಡೋನಿಯಾದವರು, ಎಡಗಡೆ ಎರಿಟ್ರಿಯಾ, ಇಥಿಯೋಪಿಯಾ, ಸುಡಾನಿನವರು. ಯಾರೂ ಹೇಳದಿದ್ದರೂ ನಡುವೆ ಅಗಲವಾದ ದಾರಿ ಬಿಟ್ಟುಕೊಂಡು ಕೂತಿದ್ದರು. ಈ ಎರಡು ಬಗೆಯ ವಲಸಿಗರ ಬದುಕನ್ನು ಹೋಲಿಸಿ ನೋಡುವ ಕೆಲಸವನ್ನು ನಗರಸಭೆ ಎರಿಟ್ರಿಯಾದವಳೇ ಆದ ಲುವಾಮ್‌ಗೆ ಒಪ್ಪಿಸಿತ್ತು. ಯಾರಿಗೆ ಬೇಗ ಕೆಲಸ ಸಿಕ್ಕಿತು, ಯಾರು ಮನೆ ಕೊಂಡರು, ಯಾರ ಮಕ್ಕಳು ಎಷ್ಟು ಓದಿದರು, ಓದಿ ಏನಾದರು. ಅದನ್ನು ಹೇಳಲು ಅವಳು ಬಾಯಿ ತೆರೆದಳು. ಮೈಕು ಬಾಯಿ ಮುಚ್ಚಿತು.

"ಎಲೆಕ್ಟ್ರಿಷಿಯನ್ ಎಲ್ಲಿ ಹೋದ್ರು?"

"ಇಲ್ಲೇ ಇದೀನಿ," ಎಂದು ವೇದಿಕೆಯ ಕೆಳಗಿನಿಂದ ಗುಂಗುರು ಕೂದಲಿನ ಒಂದು ತಲೆ ಮೇಲೆದ್ದಿತು.

"ಇಷ್ಟು ಹೊತ್ತು ಅಲ್ಲೇನು ನಿದ್ದೆ ಹೊಡೀತಿದ್ರಾ?"

"ಇಲ್ಲ ಮೇಡಂ, ನಿಮ್ಮ ಚಪ್ಪಲಿ ನೋಡ್ತಿದ್ದೆ. ಪ್ಲಗ್ಗನ್ನ ಕಿತ್ತುಹಾಕಿ ಅದರ ಮೇಲೇ ನಿಂತಿದೀರ."

ಸಭೆ ಗೊಳ್ಳೆಂದಿತು. ಲುವಾಮ್ ಕಾಲು ತೆಗೆದಳು. ಅವನು ಪ್ಲಗ್ ಸಿಕ್ಕಿಸಿ ತಲೆ ಎತ್ತಿದಾಗ ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು, ಆದರೆ ತುಟಿಯ ಒಂದು ತುದಿ ನಗುವನ್ನು ತಡೆಯಲಾರದೆ ಒದ್ದಾಡುತ್ತಿತ್ತು. ಕಿರಿಲ್ ಸೋತದ್ದು ಆ ತುದಿಗೆ.

ಅವಳು ಅರ್ಧ ಮಾತಾಡಿರಲಿಲ್ಲ, ಬಲಗಡೆಯಿಂದ ಎತ್ತರದ ಮುದುಕನೊಬ್ಬ ಎದ್ದುನಿಂತ. ಅವನು ದಿಮೆ, ಕಿರಿಲ್‌ನ ಅಪ್ಪ.

"ನಾನು ಒಂದು ಸೂಟ್‌ಕೇಸ್ ಹಿಡ್ಕೊಂಡು ಬಂದೋನು. ಇಂಗ್ಲಿಷಲ್ಲಿ ಎರಡೇ ಮಾತು ಬರ್ತಿತ್ತು, ಎಸ್ ಮತ್ತೆ ಓವರ್‌ಟೈಮ್. ಅದೇ ವಾರ ಕೆಲಸಕ್ಕೆ ಸೇರ್ದೆ, ಮನೆ ಕೊಂಡೆ, ಗ್ಯಾರೇಜಲ್ಲಿ ಇನ್ನೊಂದು ಅಡುಗೆಮನೆ ಬೇರೆ ಕಟ್ಟಿಸ್ದೆ. ಇವರಿಗೆ ಏನು ಬಂದಿದೆ ರೋಗ?"

ಎಡಗಡೆಯ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಲುವಾಮ್ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

"ಆ ಕೆಲಸ ಹೇಗೆ ಸಿಕ್ತು ಯಜಮಾನ್ರೆ?"

"ನಮ್ಮೂರ ಸ್ಟೋಯಾನ್ ಕಾರ್ಖಾನೆ ಗೇಟಿಗೆ ಕರ್ಕೊಂಡು ಹೋದ. ಮೇಸ್ತ್ರಿ 'ಕೈ ತೋರಿಸು' ಅಂದ. ತೋರಿಸ್ದೆ. 'ಒಳಗೆ ಹೋಗು' ಅಂದ. ಅಷ್ಟೇ."

"ಆ ಗೇಟು ಈಗ ಎಲ್ಲಿದೆ?"

ಹಿಂದಿನ ಸಾಲಿನಿಂದ ಯಾರೋ, "ಅಲ್ಲಿ ಫ್ಲ್ಯಾಟ್ ಎದ್ದಿವೆ!" ಎಂದು ಕೂಗಿದರು.

"ನಮ್ಮಪ್ಪ ಸೇತುವೆ ಕಟ್ಟೋ ಎಂಜಿನಿಯರ್," ಎಂದಳು ಲುವಾಮ್. "ಅವರು ಬರೋ ಹೊತ್ತಿಗೆ ಗೇಟೂ ಇಲ್ಲ, ಮೇಸ್ತ್ರಿನೂ ಇಲ್ಲ. ಅವರ ಕೈನ ಯಾರೂ ನೋಡ್ಲಿಲ್ಲ. 'ಈ ದೇಶದಲ್ಲಿ ಮುಂಚೆ ಎಲ್ಲಿ ಕೆಲಸ ಮಾಡಿದ್ರಿ' ಅಂತ ಕೇಳಿದ್ರು. ಮೊದಲನೇ ಕೆಲಸಕ್ಕೆ ಸೇರೋಕೆ ಅದಕ್ಕಿಂತ ಮುಂಚೆ ಇನ್ನೊಂದು ಕೆಲಸ ಮಾಡಿರಬೇಕಂತೆ. ಈಗ ಟ್ಯಾಕ್ಸಿ ಓಡಿಸ್ತಾರೆ. ಸೇತುವೆ ಬಂದಾಗ ಮಾತ್ರ ಸ್ವಲ್ಪ ನಿಧಾನ ಮಾಡ್ತಾರೆ. ನಿಮಗೂ ನಮಗೂ ಇರೋ ವ್ಯತ್ಯಾಸದಲ್ಲಿ ಬಹುಪಾಲು ಆ ಗೇಟೇ ಯಜಮಾನ್ರೆ, ಮೈಗಳ್ಳತನ ಅಲ್ಲ."

ಒಂದೇ ಒಂದು ಚಪ್ಪಾಳೆ ಕೇಳಿಸಿತು. ಅದು ವೇದಿಕೆಯ ಕೆಳಗಿನಿಂದ ಬಂದದ್ದು, ಅಪ್ಪನ ಕಣ್ಣಿಗೆ ಬೀಳದ ಜಾಗದಿಂದ.

ಆಮೇಲಿನದನ್ನು ಬಿಡಿಸಿ ಹೇಳಬೇಕೆ? ಲುವಾಮ್‌ಳ ಆಫೀಸಿನ ಸ್ವಿಚ್ಚುಗಳೆಲ್ಲ ಇದ್ದಕ್ಕಿದ್ದ ಹಾಗೆ ರಿಪೇರಿಗೆ ಬರತೊಡಗಿದವು. ಕಿರಿಲ್ ಒಳ್ಳೆಯ ಬಲ್ಬನ್ನು ಬಿಚ್ಚಿ ಮತ್ತೆ ಅದನ್ನೇ ಹಾಕುವುದನ್ನು ಅವಳು ಕೆನ್ನೆಗೆ ಕೈ ಕೊಟ್ಟು ನೋಡುತ್ತಿದ್ದಳು.

"ಇದು ಹೋಗಿತ್ತಾ?"

"ಹೋಗೋದ್ರಲ್ಲಿತ್ತು."

"ನನಗೂ ಇವತ್ತು ಮಧ್ಯಾಹ್ನ ಹಸಿವು ಆಗೋದ್ರಲ್ಲಿದೆ. ಕರ್ಕೊಂಡು ಹೋಗ್ತೀರಾ, ಇಲ್ಲ ಇನ್ನೊಂದು ಬಲ್ಬ್ ಬಿಚ್ತೀರಾ?"

'ನೀವು' ಹೋಗಿ 'ನೀನು' ಬರಲು ಹೆಚ್ಚು ದಿನ ಹಿಡಿಯಲಿಲ್ಲ.

ಒಂದು ಭಾನುವಾರ ಅವಳು ಅವನನ್ನು ತನ್ನ ಮನೆಗೆ ಕರೆದೊಯ್ದಳು. ಅವಳ ಅಮ್ಮ ಲೆಮ್ಲೆಮ್ ಅವನ ಎದುರಿಗೇ ಕಾಫಿ ಬೀಜ ಹುರಿದು, ಹೊಗೆಯನ್ನು ಅವನ ಮೂಗಿನ ಕಡೆಗೆ ಬೀಸಿ, ಮಣ್ಣಿನ ಹೂಜಿಯಿಂದ ಪುಟ್ಟ ಬಟ್ಟಲಿಗೆ ಬಗ್ಗಿಸಿಕೊಟ್ಟಳು. ಎರಡನೇ ಸಲ ಕುಡಿದು ಅವನು ಇನ್ನು ಹೊರಡುತ್ತೇನೆ ಎಂದು ಎದ್ದ. ಲೆಮ್ಲೆಮ್ ಅವನ ಮಣಿಕಟ್ಟು ಹಿಡಿದಳು.

"ಕೂತ್ಕೋಪ್ಪ. ಮೂರನೇದು ಬರಕಾ, ಆಶೀರ್ವಾದ. ಅದನ್ನ ಕುಡೀದೆ ಎದ್ದುಹೋದ್ರೆ ನಮ್ಮ ಮನೆಗೆ ಅವಮಾನ."

ಕಿರಿಲ್ ಕೂತ. ಕೂತು ಒಳಗೊಳಗೇ ನಕ್ಕ. ಅವನ ಮನೆಯಲ್ಲೂ ಕೊನೆಗೆ ಒಂದು ಕಾಫಿ ಉಂಟು. ಅತಿಥಿ ಸಾಕೆನಿಸಿದಾಗ ಮನೆಯ ಯಜಮಾನ ಇನ್ನೊಂದು ಸುತ್ತು ಕಾಫಿ ತರಿಸುತ್ತಾನೆ. ಅದು ಸಿಕ್ತೆರ್ ಕಾಫಿ. ಕುಡಿದು ಜಾಗ ಖಾಲಿ ಮಾಡು ಎಂದು ಬಾಯಿ ಬಿಡದೆ ಹೇಳುವ ವಿಧಾನ. ಇದನ್ನು ಲುವಾಮ್‌ಗೆ ಹೇಳಿ ನಗಿಸಬೇಕೆಂದುಕೊಂಡವನು, ಅವಳು ಬೀಳ್ಕೊಡಲು ಬಾಗಿಲಿಗೆ ಬಂದು ಅವನ ಕಾಲರ್ ಸರಿಮಾಡಿದಾಗ ಎಲ್ಲ ಮರೆತ.

ಮಾರ್ಚ್ ಮೊದಲ ವಾರ, ಬೀದಿಗೆ ಬೀದಿಯೇ ವರ್ಷಕ್ಕಾಗುವ ಗೊಜ್ಜಿಗೆಂದು ಕೆಂಪು ದೊಣ್ಣೆಮೆಣಸು ಸುಡುವ ವಾಸನೆಯಲ್ಲಿ ಮುಳುಗಿದ್ದಾಗ, ಕಿರಿಲ್ ಲುವಾಮ್‌ಳನ್ನು ಮನೆಗೆ ಊಟಕ್ಕೆ ಕರೆದ. ಅವನ ಅಮ್ಮ ವೆಲಿಕಾ ಬಾಗಿಲಲ್ಲೇ ಅವಳ ಬಾಯಿಗೆ ಅಂಜೂರದ ಸಿಹಿ ಇಟ್ಟಳು. ದಿಮೆ ಅವಳನ್ನು ನೋಡಿ, "ಓ, ಗೇಟಿನ ಹುಡುಗಿ!" ಎಂದ.

ಊಟಕ್ಕೆ ಮುಂಚೆ ಒಂದು ಕಾಫಿ, ಊಟವಾದ ಮೇಲೆ ಇನ್ನೊಂದು ಕಾಫಿ. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ದಿಮೆ ಶುರುಮಾಡಿದ.

"ನಾವು ಯಾರ ಮುಂದೆನೂ ಕೈ ಚಾಚ್ಲಿಲ್ಲ."

"ಚಾಚಿದ್ರಿ ಅಂಕಲ್, ಮೇಸ್ತ್ರಿ ಮುಂದೆ. ಒಳ್ಳೇದೇ ಆಯ್ತು," ಎಂದಳು ಲುವಾಮ್, ರೊಟ್ಟಿಗೆ ಮೆಣಸಿನ ಗೊಜ್ಜು ಸವರುತ್ತ.

"ನಮ್ಮನ್ನ ಯಾರೂ ಆಡ್ಕೊಳ್ಲಿಲ್ಲ."

"ಏನ್ರೀ ಹಾಗಂದ್ರೆ?" ಎಂದು ವೆಲಿಕಾ ಬಾಯಿ ಹಾಕಿದಳು. "ಟ್ರ್ಯಾಮಲ್ಲಿ ನಮ್ಮ ಭಾಷೆ ಆಡಿದ್ದಕ್ಕೆ ನಿಮ್ಮ ಕೋಟಿನ ಮೇಲೆ ಉಗುಳಿದೋನು ನಿಮ್ಮ ಚಿಕ್ಕಪ್ಪನ ಮಗನಾ?"

"ನೀನು ಸುಮ್ನಿರೆ. ನಾನು ಹೇಳ್ತಿರೋದು, ಇವರ ಹುಡುಗರು ನಮ್ಮ ಹುಡುಗರಿಗಿಂತ ಹೆಚ್ಚು ಓದಿದಾರೆ ಅಂತ ಇವಳೇ ಹೇಳ್ತಾಳೆ. ಹಾಗಿದ್ಮೇಲೆ ಕೆಲಸ ಯಾಕಿಲ್ಲ?"

"ಅರ್ಜಿ ಮೇಲೆ ಹೆಸರು ಬರೀಬೇಕಲ್ಲ ಅಂಕಲ್. ಅದನ್ನ ನೋಡಿದ್ರೇ ಪಕ್ಕಕ್ಕೆ ಇಡ್ತಾರೆ. ನಿಮ್ಮ ಹೆಸರೂ ಒಂದು ಕಾಲದಲ್ಲಿ ಇಲ್ಲಿನವರ ನಾಲಿಗೇಲಿ ಹೊರಳ್ತಿರ್ಲಿಲ್ಲ. ಆದ್ರೆ ಗೇಟಲ್ಲಿ ಹೆಸರು ಕೇಳ್ತಿರ್ಲಿಲ್ಲ, ಕೈ ಕೇಳ್ತಿದ್ರು. ನಿಮಗೆ ಇದ್ದಿದ್ದು ನಮಗೂ ಇರ್ಲಿ ಅಂದ್ರೆ, ನೀವು ಪಟ್ಟ ಕಷ್ಟ ಸುಳ್ಳು ಅಂದ ಹಾಗಲ್ಲ."

ದಿಮೆಯ ಕಿವಿ ಕೆಂಪಾಯಿತು. ಅವನು ಹೆಂಡತಿಯ ಕಡೆ ತಿರುಗಿದ.

"ವೆಲಿಕಾ, ಇನ್ನೊಂದು ಕಾಫಿ ಮಾಡು."

ವೆಲಿಕಾ ಅಲ್ಲಾಡಲಿಲ್ಲ. "ಈಗ ತಾನೇ ಕುಡಿದ್ರಲ್ಲ."

"ಮಾಡು ಅಂದೆ."

ಅದು ಯಾವ ಕಾಫಿ ಎಂದು ಕಿರಿಲ್‌ಗೆ ತಿಳಿಯಿತು. ಬೇಡ ಅಪ್ಪ ಎನ್ನಬೇಕು. ಲುವಾಮ್, ನಡಿ ಹೋಗೋಣ ಎನ್ನಬೇಕು. ಎರಡನ್ನೂ ಅನ್ನದೆ ಅವನು ತಟ್ಟೆಯಲ್ಲಿದ್ದ ರೊಟ್ಟಿ ಚೂರನ್ನು ಚಿವುಟುತ್ತ ಕೂತ. ವೆಲಿಕಾ ತಾಮ್ರದ ಪಾತ್ರೆ ತಂದಳು, ಎಲ್ಲರಿಗಿಂತ ಮೊದಲು ಲುವಾಮ್‌ಗೆ ಬಗ್ಗಿಸಿದಳು. ಲುವಾಮ್ ಒಂದು ಗಳಿಗೆ ಕಪ್ಪಿನೊಳಗೆ ನೋಡಿದಳು. ಆಮೇಲೆ ಅವಸರವೇ ಇಲ್ಲದೆ, ಕೊನೆಯ ಗುಟುಕಿನವರೆಗೂ ಕುಡಿದಳು.

"ನಮ್ಮಲ್ಲಿ ಮೂರನೇ ಕಾಫಿ ಆಶೀರ್ವಾದ ಅಂಕಲ್," ಎಂದು ಎದ್ದು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು. "ತುಂಬಾ ಸಂತೋಷ. ಹೇಗೂ ಆಶೀರ್ವಾದ ಸಿಕ್ತಲ್ಲ, ಹೇಳಿಬಿಡ್ತೀನಿ. ನಾನು ನಿಮ್ಮ ಮಗನ್ನ ಮದುವೆ ಆಗಬೇಕು ಅಂತಿದೀನಿ."

ದಿಮೆಗೆ ಕಾಫಿ ನೆತ್ತಿಗೇರಿತು. ವೆಲಿಕಾ ಅವನ ಬೆನ್ನಿಗೆ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಗುದ್ದಿದಳು.

ಆಮೇಲಿನ ದಿನಗಳನ್ನು ಕಿರಿಲ್ ನುಂಗಲಾರದೆ ಉಗುಳಲಾರದೆ ಕಳೆದ. ಅವಳು ನಗುತ್ತ ಫೋನು ಮಾಡಿದಾಗಲೆಲ್ಲ ಅವನು ಏನೋ ನೆಪ ಹೇಳಿ ಬೇಗ ಇಟ್ಟುಬಿಡುತ್ತಿದ್ದ. ಪಾಪ, ಹೊರದಬ್ಬಿಸಿಕೊಂಡವಳು ಹರಸಿಸಿಕೊಂಡೆ ಎಂದುಕೊಂಡಿದ್ದಾಳೆ. ಹೇಳಿದರೆ ಕಳೆದುಕೊಳ್ಳುತ್ತೇನೆ. ಹೇಳದೆ ಮದುವೆಯಾದರೆ ಪ್ರತಿ ದಿನವೂ ಅವಳಿಗೆ ಸುಳ್ಳು ಹೇಳಿದ ಹಾಗೆ. ಅವನಿಗೆ ಅವಳು ಬೇಕಿತ್ತು. ಬಲ್ಬಿನ ನೆಪವಿಲ್ಲದೆ, ಕದ್ದುಮುಚ್ಚದೆ, ಬದುಕಿನುದ್ದಕ್ಕೂ ಬೇಕಿತ್ತು.

ಕೊನೆಗೊಂದು ಸಂಜೆ ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಅಪ್ಪನ ಹಳೆಯ ಕಾರ್ಖಾನೆ ಇದ್ದ ಜಾಗದಲ್ಲಿ ನಿಲ್ಲಿಸಿದ. ಫ್ಲ್ಯಾಟುಗಳ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು.

"ಲುವಾಮ್, ಅವತ್ತಿನ ಮೂರನೇ ಕಾಫಿ ಆಶೀರ್ವಾದ ಅಲ್ಲ. ನಮ್ಮಲ್ಲಿ ಅದು... ಎದ್ದು ಹೋಗಿ ಅಂತ. ಅಪ್ಪ ಬೇಕು ಅಂತಲೇ ಮಾಡಿಸಿದ್ರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ."

ಅವಳು ಗಾಜಿನಾಚೆ ನೋಡುತ್ತಿದ್ದಳು.

"ಸಿಕ್ತೆರ್ ಕಾಫಿ," ಎಂದಳು ನಿಧಾನವಾಗಿ. "ಅಧ್ಯಯನ ಅಂತ ನಿಮ್ಮವರ ಎಷ್ಟು ಅಡುಗೆಮನೇಲಿ ಕೂತಿದೀನಿ ಗೊತ್ತಾ ನಿನಗೆ? ಎಷ್ಟೋ ಮನೇಲಿ ಅದನ್ನ ಕುಡಿದು ಎದ್ದು ಬಂದಿದೀನಿ."

ಕಿರಿಲ್ ಅವಳ ಕಡೆ ತಿರುಗಿದ. "ಗೊತ್ತಿತ್ತಾ? ಮತ್ತೆ ಮದುವೆ ಅಂತ..."

"ಕಪ್ಪಲ್ಲಿ ನೊರೆ ಇತ್ತು ಕಿರಿಲ್. ಪಾತ್ರೆಯಲ್ಲಿದ್ದ ನೊರೆನೆಲ್ಲ ನಿಮ್ಮಮ್ಮ ನನ್ನ ಕಪ್ಪಿಗೇ ಹಾಕಿದ್ರು. ನಿಮ್ಮವರಲ್ಲಿ ನೊರೆ ಮರ್ಯಾದೆಯ ಅತಿಥಿಗಲ್ವಾ? ಹೊರಗೆ ಕಳಿಸೋರಿಗೆ ಯಾರಾದ್ರೂ ಅದನ್ನ ಕೊಡ್ತಾರಾ? ನಿಮ್ಮಪ್ಪ ಹೋಗು ಅಂದ್ರು, ನಿಮ್ಮಮ್ಮ ಇರು ಅಂದ್ರು. ನಾನು ಅಮ್ಮನ ಮಾತು ಕೇಳ್ದೆ."

ಅವನು ನಕ್ಕು ಅವಳ ಕೈ ಹಿಡಿಯಹೋದ. ಅವಳು ಕೈ ಹಿಂದೆಗೆದುಕೊಂಡಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅವರಿಬ್ಬರೂ ಅವರವರ ಮಾತು ಹೇಳಿದ್ರು. ನಾನು ಕಾದಿದ್ದು ಮೂರನೇ ಮಾತಿಗೆ. ನಿಮ್ಮಪ್ಪನ ಕಾಫಿನ ನಾನು ದಿನಾ ಕುಡಿದು ಅರಗಿಸ್ಕೋತೀನಿ. ಅದನ್ನ ಬಗ್ಗಿಸ್ತಿದ್ದಾಗ ನೀನು ಸುಮ್ನೆ ಕೂತಿದ್ದೆಯಲ್ಲ, ಅದು ಅರಗ್ಲಿಲ್ಲ. ನೀನು ಚಪ್ಪಾಳೆ ತಟ್ಟೋದೂ ವೇದಿಕೆ ಕೆಳಗೆ ಕೂತೇ."

ಕಿರಿಲ್ ಮನೆಯ ಕಡೆಗೆ ವ್ಯಾನು ತಿರುಗಿಸಿದ.

ಮನೆಯ ಗ್ಯಾರೇಜಿನಲ್ಲಿ ದಿಮೆ ಸುಟ್ಟ ಮೆಣಸಿನ ಸಿಪ್ಪೆ ಸುಲಿಯುತ್ತಿದ್ದ. ವೆಲಿಕಾ ಕೊಪ್ಪರಿಗೆಯಲ್ಲಿ ಮರದ ಹುಟ್ಟಿನಿಂದ ಗೊಜ್ಜು ತಿರುವುತ್ತಿದ್ದಳು. ಲುವಾಮ್ ಶಟರಿನ ಹೊರಗೇ ನಿಂತಳು. ಕಿರಿಲ್ ನೇರ ಅಪ್ಪನ ಮುಂದೆ ಹೋಗಿ ನಿಂತ.

"ಅಪ್ಪ, ಅವತ್ತು ಲುವಾಮ್‌ಗೆ ನೀವು ಕೊಡಿಸಿದ್ದು ಸಿಕ್ತೆರ್ ಕಾಫಿ. ಅದು ತಪ್ಪು. ನಾನು ಸುಮ್ನಿದ್ದಿದ್ದು ಅದಕ್ಕಿಂತ ದೊಡ್ಡ ತಪ್ಪು. ಇನ್ನು ಮೇಲೆ ಸುಮ್ನಿರಲ್ಲ. ನಾನು ಅವಳನ್ನ ಪ್ರೀತಿಸ್ತೀನಿ, ಅವಳನ್ನೇ ಮದುವೆ ಆಗ್ತೀನಿ. ಈ ಮನೇಲಿ ಅವಳಿಗೆ ಆ ಕಾಫಿ ಬಂದ್ರೆ ನನಗೂ ಬಂದ ಹಾಗೆ. ಇಬ್ರೂ ಕುಡಿದು ಒಟ್ಟಿಗೆ ಎದ್ದು ಹೋಗ್ತೀವಿ."

ಹುಟ್ಟು ನಿಂತಿತು. ದಿಮೆ ಕೈಯಲ್ಲಿದ್ದ ಮೆಣಸನ್ನು ಪೂರ್ತಿ ಸುಲಿದು ಬಟ್ಟಲಿಗೆ ಹಾಕಿದ.

"ಅವಳಿಗೆ ಹೇಳ್ದೆಯಾ?"

"ಅವಳಿಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಕುಡಿದಳಾ? ಪೂರ್ತಿ?"

"ಪೂರ್ತಿ."

ದಿಮೆ ಹೊರಗೆ ನಿಂತವಳನ್ನು ಬಹಳ ಹೊತ್ತು ನೋಡಿದ. ಹೀಗೇ ಒಂದು ಗೇಟಿನ ಹೊರಗೆ ತಾನು ನಿಂತಿದ್ದ ಬೆಳಗು ಅವನಿಗೆ ನೆನಪಾಗಿರಬೇಕು. ಅವನು ಎದ್ದು, ಮಸಿ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅವಳ ಎದುರು ಬಂದ.

"ಕೈ ತೋರಿಸು."

ಲುವಾಮ್ ಎರಡೂ ಕೈ ಚಾಚಿದಳು. ದಿಮೆ ಅವನ್ನು ತಿರುಗಿಸಿ ನೋಡಿದ.

"ಒಳಗೆ ಹೋಗಮ್ಮ," ಎಂದ ದಿಮೆ.

ಅವಳು ಹೋಗಲಿಲ್ಲ. "ಹೋಗ್ತೀನಿ ಮಾವ. ಆದ್ರೆ ನಮ್ಮಪ್ಪನ ಕೈನೂ ಒಂದ್ಸಲ ನೋಡಬೇಕು ನೀವು. ಭಾನುವಾರ ನಮ್ಮ ಮನೆಗೆ ಬನ್ನಿ. ಮೂರನೇ ಕಾಫಿ ಮುಗಿಯೋ ತನಕ ಏಳೋ ಹಾಗಿಲ್ಲ."

"ಬರ್ತೀನಿ. ಬಂದು ಸೇತುವೆ ಕಥೆ ಕೇಳ್ತೀನಿ," ಎಂದು ದಿಮೆ ಮೂಗು ಒರೆಸಿಕೊಂಡ. ಮೂಗಿಗೆಲ್ಲ ಮಸಿ ಹತ್ತಿತು. "ಇವತ್ತಿನ ಕಾಫಿ ನಾನೇ ಮಾಡ್ತೀನಿ."

"ದೇವರೇ, ಇವರಿಗೆ ಒಲೆ ಹಚ್ಚೋಕೂ ಬರಲ್ಲ!" ಎಂದು ವೆಲಿಕಾ ಹಿಂದೆಯೇ ಓಡಿದಳು.

ಗ್ಯಾರೇಜಿನಲ್ಲಿ ಇಬ್ಬರೇ ಉಳಿದರು. ಲುವಾಮ್ ಶಟರು ದಾಟಿ ಬಂದು, ಮಸಿ ಹತ್ತಿದ ತನ್ನ ಅಂಗೈಯನ್ನು ಕಿರಿಲ್‌ನ ಕೆನ್ನೆಗೆ ಮೆತ್ತಗೆ ಒತ್ತಿದಳು. ತುಟಿಯ ಆ ತುದಿ ಈಗ ಯಾವುದನ್ನೂ ತಡೆಯುತ್ತಿರಲಿಲ್ಲ.

"ಇಷ್ಟು ಜೋರಾಗಿ ಮಾತಾಡೋಕೆ ಬರುತ್ತೆ ಅಂತ ಮುಂಚೇನೇ ಹೇಳಬಾರದಿತ್ತಾ?"

"ಪ್ಲಗ್ ಮೇಲೆ ನಿಂತಿದ್ದೆ," ಎಂದ ಕಿರಿಲ್. "ಇವತ್ತು ಕಾಲು ತೆಗೆದೆ."

ಒಳಗಿನಿಂದ ಕಾಫಿ ಉಕ್ಕಿ ಚೆಲ್ಲಿದ ಸದ್ದೂ ದಿಮೆಯ ಬೈಗುಳವೂ ಒಟ್ಟಿಗೆ ಕೇಳಿಸಿದವು. ಸ್ವಲ್ಪ ಹೊತ್ತಿಗೆ ಅವನೇ ತಟ್ಟೆ ಹಿಡಿದು ಬಂದ. ನೊರೆಯೆಲ್ಲ ಒಲೆಯ ಪಾಲಾಗಿತ್ತು, ಉಳಿದದ್ದು ಒಂದು ಕಪ್ಪಿನಲ್ಲಿ ಒಂದೇ ಚಮಚದಷ್ಟು. ಆ ಕಪ್ಪನ್ನು ಅವನು ಯಾರನ್ನೂ ಕೇಳದೆ ಲುವಾಮ್‌ಳ ಮುಂದಿಟ್ಟ.