ಹತ್ತೊಂಬತ್ತು ಒಂದುಗಳ ಕಲ್ಲು

"ಒಂದನ್ನ ಸೊನ್ನಿ ಮಾಡಾಕ ಎಷ್ಟು ಏಟು ಬೇಕು?"

ಖಾಲಿ ಪಡಸಾಲೆಯಲ್ಲಿ ಮೈಲಾರಲಿಂಗಪ್ಪ ಮಾಸ್ತರು ಗೋಡೆಯನ್ನು ಕೇಳಿದರು. ಗೋಡೆ ಸುಮ್ಮನಿತ್ತು. ಸಿಟ್ಟು ಸುಮ್ಮನಿರಲಿಲ್ಲ.

ಪತ್ರಿಕೆಯಲ್ಲಿ ದುರ್ಗೇಶನ ಫೋಟೋ ಬಂದಿತ್ತು. ಹಂಸಭಾವಿಯಲ್ಲಿ ಅವರೆದುರು ಕೂತು ಮಗ್ಗಿ ತಪ್ಪುತ್ತಿದ್ದ ಹುಡುಗ, ಈಗ ಸವಣೂರಿನ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯ. ಹತ್ತೊಂಬತ್ತು ಒಂದುಗಳ ಸಾಲು ಅವಿಭಾಜ್ಯ ಸಂಖ್ಯೆ ಎಂಬುದನ್ನು ಮಕ್ಕಳಿಗೂ ತಿಳಿಯುವ ಹಾಗೆ ಕಲಿಸಿದ ಜಾಣನಂತೆ! ಆ ದಾರಿ ಮಾಸ್ತರದು. ಮೂರು ಒಂದುಗಳನ್ನು ಸಾಲಾಗಿ ನಿಲ್ಲಿಸಿದರೆ ಅದನ್ನು ಮೂರು ಒಡೆಯುತ್ತದೆ, ನಾಲ್ಕನ್ನು ಹನ್ನೊಂದು ಒಡೆಯುತ್ತದೆ. ಹತ್ತೊಂಬತ್ತು ಕೂಡಿದರೆ ಶಿವನಂತೆ, ಯಾರ ಪಾಲಿಗೂ ಒಡೆಯದು ಎಂದು ಅವರು ಹಾಡಿ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಅವರ ಹೆಸರೇ ಇರಲಿಲ್ಲ. ಮೇಲಾಗಿ ಅದೇ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಕಲ್ಲಿಗೆ ಕಡಿಸಿ ಶಾಲೆಯ ಅಂಗಳದಲ್ಲಿ ನಿಲ್ಲಿಸುತ್ತಾನಂತೆ.

"ಸರ, ನಿಮ್ಮ ಪೂರ್ತಿ ಹೆಸರು ಹ್ಯಾಂಗ ಬರಿಯೂದ್ರಿ?" ಎಂದು ದುರ್ಗೇಶ ಫೋನಿನಲ್ಲಿ ಕೇಳಿದ್ದ.

"ಆಮಂತ್ರಣದ ಮ್ಯಾಲ ಬರಿಯಾಕ? ನನ್ನ ಹೆಸರೂ ಮರತ್ಯೇನಲೇ?" ಎಂದು ಮಾಸ್ತರು ಕಟ್ ಮಾಡಿದ್ದರು.

ಕನ್ನಡದ ೧ ಎಂದರೆ ಬಾಯಿ ತೆರೆದ ಬಳೆ. ಬಾಯಿ ಮುಚ್ಚಿದರೆ ಸೊನ್ನೆ. ನಟ್ಟನಡುವಿನ ಒಂದನ್ನೇ ಮುಚ್ಚಬೇಕು. ಆಗ ಸಾಲು ಎಡದಿಂದಲೂ ಬಲದಿಂದಲೂ ಒಂದೇ ಥರ ಓದಿಸಿಕೊಳ್ಳುತ್ತದೆ, ಕಣ್ಣು ಎಡವುವುದಿಲ್ಲ. ಅಂಕಿಗಳ ಮೊತ್ತ ಹದಿನೆಂಟು. ಮೂರು ಒಡೆಯುತ್ತದೆ, ಒಂಬತ್ತೂ ಒಡೆಯುತ್ತದೆ. ಶಾಲೆಗೆ ಸಾಗಿಸುವ ಮುನ್ನ, ಕಲ್ಲು ಕಡಿಯುವ ತಡಸದಲ್ಲೇ ಅದಕ್ಕೆ ಪೂಜೆ. ವಿಭೂತಿ ಬಳಿದ ಮೇಲೆ ಹಳೆಯ ಗೆರೆ, ಹೊಸ ಗೆರೆ ಎಲ್ಲವೂ ಬಿಳಿ. ಪೂಜೆಯಾದ ಕಲ್ಲಿಗೆ ಕಲ್ಲುಕುಟಿಗ ಸಿರಾಜುದ್ದೀನ ಉಳಿ ಮುಟ್ಟಿಸುವವನಲ್ಲ. ಅದು ಅವನ ಅಜ್ಜನಿಂದ ಬಂದ ನೇಮ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ.

ಪೂಜೆಯ ದಿನ, ಪೂಜೆಗೆ ಮುನ್ನ ಸಿರಾಜುದ್ದೀನ ಊಟಕ್ಕೆ ಎದ್ದುಹೋದಾಗ ಮಾಸ್ತರು ಕಲ್ಲಿನ ಗೋಣಿತಾಟನ್ನು ಅಂಕಿಯ ಸಾಲು ಕಾಣುವಷ್ಟೇ ಸರಿಸಿದರು. ಅವನದೇ ಉಳಿ. ಹಗುರವಾದ ಮೂರು ಏಟು. ಓಂ ನಮಃ ಶಿವಾಯ.

ಸವಣೂರಿನ ಶಾಲೆಯ ಸಮಾರಂಭದಲ್ಲಿ ಅವರೇ ಎದ್ದು ನಿಂತರು. "ಮಕ್ಕಳ, ಅಂಕಿ ಕೂಡಸ್ರಿ. ಮೂರಕ್ಕ ಹೋಗತೈತಿಲ್ಲ? ಇದನ್ನ ಅವಿಭಾಜ್ಯ ಅಂತ ಕಲಿಸಿದ ಮಾಸ್ತರಗ ಮಗ್ಗೀನರ ಬರತಿತ್ತೋ ಇಲ್ಲೋ!" ಮಕ್ಕಳು ಕೂಡಿಸಿದರು, ಹೋ ಎಂದು ನಕ್ಕರು. ದುರ್ಗೇಶನ ಮುಖ ಬಿಳಚಿತು. ಮಾಸ್ತರ ಎದೆ ತಣ್ಣಗಾಯಿತು.

ದುರ್ಗೇಶ ಕಲ್ಲಿನ ಕೆಳಭಾಗಕ್ಕೆ ಇಳಿಬಿದ್ದಿದ್ದ ಚೆಂಡುಹೂವಿನ ಮಾಲೆ ಎತ್ತಿದ. ತಡಸದಲ್ಲಿ ಗೋಣಿತಾಟು ಮುಚ್ಚಿಯೇ ಇದ್ದ ಜಾಗ ಅದು. ಅಲ್ಲಿ ಕೆತ್ತಿತ್ತು: 'ಇದು ಅವಿಭಾಜ್ಯವೆಂದು ನಮಗೆ ಕಲಿಸಿದ ಗುರು, ಹಂಸಭಾವಿಯ ಮೈಲಾರಲಿಂಗಪ್ಪನವರು.' "ಹಂಗಾರ ಮಗ್ಗಿ ಬರಲಾರದವ್ರು ಇವರೇನ್ರಿ ಸರ?" ಎಂದಳು ಮುಂದೆ ಕೂತ ಹುಡುಗಿ. ಜನ ಚದುರುವವರೆಗೂ ಮಾಸ್ತರು ತಲೆ ಎತ್ತಲಿಲ್ಲ. ಆಮೇಲೆ ಕಲ್ಲು ನಿಲ್ಲಿಸಲು ಬಂದಿದ್ದ ಸಿರಾಜುದ್ದೀನನ ಕೈ ಹಿಡಿದರು. "ಸಿರಾಜಣ್ಣ, ಆ ಹೆಸರರ ಕೆತ್ತಿ ತೆಗಿಯೋ." ಅವನು ಕೈ ಬಿಡಿಸಿಕೊಂಡ. "ಆಗೂದಿಲ್ರಿ ಮಾಸ್ತರ. ಪೂಜಿ ಆದ ಕಲ್ಲಿಗೆ ನಾ ಉಳಿ ಹಚ್ಚೂದಿಲ್ಲ."