ಬೆನ್ನು ತಿರುಗಿಸಿದ ಹತ್ತು ನಿಮಿಷ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಒಂದೇ ತಿಂಗಳಲ್ಲಿ ನಾಲ್ಕನೇ ಸಲ ನನ್ನ ಟೈಲರಿಂಗ್ ಅಂಗಡಿಗೆ ಬಂದಾಗಲೇ ನನಗೆ ಅರ್ಥವಾಗಬೇಕಿತ್ತು. ಒಮ್ಮೆ ಗುಂಡಿ, ಒಮ್ಮೆ ತೋಳು, ಒಮ್ಮೆ ಕಾಲರ್. ಈ ಸಲ ಕೋಟಿನ ಲೈನಿಂಗ್.

"ಸರ್, ಇದು ಹರಿದಿದ್ದಲ್ಲ. ಯಾರೋ ಬ್ಲೇಡಲ್ಲಿ ಬಿಚ್ಚಿದ್ದಾರೆ."

"ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ," ಎಂದು ಕಿವಿಯವರೆಗೂ ಕೆಂಪಾದರು.

ಗೆದ್ದರೂ ಸೋತರೂ ಮುಖ ಬದಲಾಗದ ಮನುಷ್ಯ! ನನಗೂ ಅಷ್ಟೇ, ಅವರು ನೋಡುತ್ತಿದ್ದರೆ ದಾರ ಸೂಜಿಗೆ ಹೋಗುತ್ತಿರಲಿಲ್ಲ.

"ಕ್ಯಾಪ್ಟನ್ ಹೇಗಿದ್ದಾರೆ?"

ಕ್ಯಾಪ್ಟನ್ ಎಂದರೆ ನನ್ನಣ್ಣ. ಬಸ್ ಮೆಕ್ಯಾನಿಕ್. ಜನ್ಮದಲ್ಲಿ ಚೆಂಡು ಒದ್ದವನಲ್ಲ, ಆದರೂ ಅಭಿಮಾನಿಗಳ ಗುಂಪಿಗೆ ಅವನೇ ಯಜಮಾನ.

"ನೀವು ಬೇರೆ ಊರಿನ ದೊಡ್ಡ ಕ್ಲಬ್ಬಿಗೆ ಹೋಗ್ತೀರಂತ ಅವನಿಗೆ ಅನ್ನ ಸೇರ್ತಿಲ್ಲ. ಹೋಗ್ಬೇಡಿ ಅಂತ ನೆಟ್ಟಗೆ ಹೇಳೋಕೆ ಬರಲ್ಲ, ಕೂಗಾಡ್ತಾನೆ ಅಷ್ಟೇ."

"ನೀವು ಹೇಳ್ತೀರಾ?"

"ಹೇಳಿದ್ರೆ ಕೇಳ್ತೀರಾ?"

ಅವರು ನಕ್ಕರು. ಕೋಟು ನನ್ನ ಮೇಜಿನ ಮೇಲೆ ಬಿಟ್ಟು ಹೊರಟರು.

ಜೇಬಿನಲ್ಲಿ ಸಿಕ್ಕಿದ್ದನ್ನು ಓದದೆ ಲಕೋಟೆಗೆ ಹಾಕಿ ಗಿರಾಕಿಗೆ ಕೊಡಬೇಕು. ಕಸುಬು ಕಲಿಸುವಾಗ ಅಪ್ಪ ಹೇಳಿದ ಮೊದಲ ಮಾತು ಅದು. ಅಂದು ಸಂಜೆ ಕೋಟಿನ ಒಳಜೇಬಿನಲ್ಲಿ ಕಾಗದ ಸಿಕ್ಕಿದಾಗ ನಾನು ಓದಿದೆ. ದೊಡ್ಡ ಕ್ಲಬ್ಬಿನ ಪತ್ರ. ಬೇಗ ಒಪ್ಪಿಗೆ ತಿಳಿಸಿ, ಕಾಯುತ್ತಿದ್ದೇವೆ ಎಂದಿತ್ತು.

ಹೋಗುವವರು ನನ್ನ ಮುಂದೆ ಹಾಗೆ ನಗಬಾರದಿತ್ತು. ಪತ್ರವನ್ನು ಇದ್ದಲ್ಲೇ ಇಟ್ಟು ಮನೆಗೆ ಹೋದವಳೇ ಹೇಳಿಬಿಟ್ಟೆ.

"ಅಣ್ಣಾ, ನೀನು ಹೇಳಿದ್ದೇ ನಿಜ ಕಣೋ. ಕಣ್ಣಾರೆ ಓದಿದೆ."

ನಾನಾಡಿದ ಮಾತು ಊರೆಲ್ಲ ಹಬ್ಬಿತು. ಭಾನುವಾರ ಅವರು ನಾನು ಹೊಲಿದುಕೊಟ್ಟ ಅದೇ ಕೋಟು ತೊಟ್ಟು ಮೈದಾನಕ್ಕೆ ಬಂದಾಗ ಇಡೀ ಸ್ಟ್ಯಾಂಡು ಎದ್ದು ಬೆನ್ನು ತಿರುಗಿಸಿತು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಹತ್ತು ನಿಮಿಷ ಯಾರೂ ಕೂಗುವಂತಿಲ್ಲ, ತಿರುಗುವಂತಿಲ್ಲ. ಮೊದಲ ಸಾಲಿನಲ್ಲಿ ಅಣ್ಣನ ಪಕ್ಕ ನಾನೂ ನಿಂತಿದ್ದೆ.

ಎರಡು ದಿನ ಬಿಟ್ಟು ದೊಡ್ಡ ಕ್ಲಬ್ಬು ಬೇರೆಯವರನ್ನು ನೇಮಿಸಿತು. ಆ ಊರಿನ ಮ್ಯಾನೇಜರು ನಮ್ಮ ಕೆಲಸ ಬೇಡ ಅಂತ ಯಾವಾಗಲೋ ತಿಳಿಸಿದ್ದರು ಎಂದು ಅದರ ಅಧ್ಯಕ್ಷರೇ ಪೇಪರಿನಲ್ಲಿ ಹೇಳಿದ್ದರು. ಅಣ್ಣ ಪೇಪರು ಮಡಿಚಿಟ್ಟ.

"ಯಾವ ಮುಖ ಹೊತ್ಕೊಂಡು ಅವರ ಹತ್ರ ಹೋಗ್ಲಿ?"

"ನೀನಲ್ಲ ಅಣ್ಣ. ನಾನು ಹೋಗ್ಬೇಕು."

ಸ್ಟ್ಯಾಂಡಿನ ಕೆಳಗಿನ ಸಣ್ಣ ಕೋಣೆಯಲ್ಲಿ ಅವರು ಒಬ್ಬರೇ ಕೂತು ಮುಂದಿನ ಆಟಕ್ಕೆ ಆಟಗಾರರ ಹೆಸರು ಬರೆಯುತ್ತಿದ್ದರು. ಒದ್ದೆ ಬೂಟುಗಳ ವಾಸನೆ. ನಾನು ಬಾಗಿಲಲ್ಲೇ ನಿಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಆ ಪತ್ರ ಓದಿದ್ದು ನಾನು. ಊರಿಗೆಲ್ಲ ಗೊತ್ತಾಗಿದ್ದು ನನ್ನಿಂದ."

"ಗೊತ್ತು. ಕೋಟು ನಿಮ್ಮ ಹತ್ರ ಬಿಟ್ಟು ಇನ್ನೆಲ್ಲೂ ಇರ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ? ಬೇಡ ಅಂದಿದೀನಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ, ಪತ್ರದ ವಿಷಯ ನಿಂಗೆ ಹೇಗೆ ಗೊತ್ತಾಯ್ತು ಅಂತ ಜನ ಕ್ಯಾಪ್ಟನ್ನ ಕೇಳ್ತಿದ್ರು. ನಿಮ್ಮ ಹೆಸರು ಬರ್ತಿತ್ತು. ಆಮೇಲೆ ನಿಮ್ಮಂಗಡಿಗೆ ಯಾರು ಬಟ್ಟೆ ಕೊಡ್ತಾರೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಮತ್ತೆ, ನೀವು ತಿಳ್ಕೊಂಡಷ್ಟು ಒಳ್ಳೆಯವನೇನಲ್ಲ ನಾನು. ಹೋಗೋ ಆಸೆ ಇತ್ತು. ಎರಡು ದಿನ ಆ ಪತ್ರಾನ ಜೇಬಲ್ಲಿಟ್ಕೊಂಡೇ ಓಡಾಡಿದೆ."

"ಬೇಡ ಅಂದಿದ್ದು ಯಾವಾಗ?"

"ಕೋಟು ಕೊಟ್ನಲ್ಲ, ಅವತ್ತು. ಹೇಳಿದ್ರೆ ಕೇಳ್ತೀರಾ ಅಂದ್ರಲ್ಲ ನೀವು. ಮನೆಗೆ ಹೋದೆ, ಫೋನ್ ಮಾಡ್ದೆ." ಕಿವಿ ಮತ್ತೆ ಕೆಂಪಾಯಿತು. "ನೀವಿಲ್ಲದ ಊರಲ್ಲಿ ಇರೋಕೆ ನನ್ನಿಂದ ಆಗಲ್ಲ."

ಎಷ್ಟು ದಿನದಿಂದ ಕಾದಿದ್ದ ಮಾತು ಅದು! ಆದರೆ ನನಗೆ ತಲೆ ಎತ್ತಲಾಗಲಿಲ್ಲ. ನನಗಾಗಿ ಅವರು ಅಲ್ಲಿ ಫೋನ್ ಹಿಡಿದಿದ್ದ ಹೊತ್ತಿಗೆ ಸರಿಯಾಗಿ ನಾನು ಇಲ್ಲಿ ಅವರ ಜೇಬಿಗೆ ಕೈ ಹಾಕಿದ್ದೆ.

"ನನ್ನನ್ನ ನೋಡ್ಬೇಡಿ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. "ಹೋಗಿ ಇಲ್ಲಿಂದ."

ಅವರು ಹೋಗಲಿಲ್ಲ.